ನಾಲ್ಕು ಅಕ್ಷರ, ಒಂದು ಬಸ್ಸು

ವಳ್ಳೂರಿನ ತಂಗಿ ಮನೆಯ ಜಗಲಿ ಮೇಲೆ ಕೂತರೆ ಕಣ್ಣು ಹಾಯುವಷ್ಟು ದೂರಕ್ಕೂ ಸೋಲಾರ್ ಪ್ಯಾನಲ್ಲು. ಮೊದಲು ಅಲ್ಲಿ ಕಡಲೆಕಾಯಿ ಬೆಳೆಯುತ್ತಿದ್ದರು, ಮಳೆ ಬಂದ ವರ್ಷ. ಬಾರದ ವರ್ಷಗಳೇ ಜಾಸ್ತಿಯಾಗಿ, ಪಾವಗಡ ತಾಲ್ಲೂಕಿನ ವಳ್ಳೂರು, ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳವರು ಸುಮಾರು 13,000 ಎಕರೆಯನ್ನು ಗುತ್ತಿಗೆಗೆ ಕೊಟ್ಟರು. ಈಗ ಅಲ್ಲಿ ಇರುವುದು 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುತ್ತದೆ. ತಂಗಿಯ ಮಗಳು ಓದಬೇಕಾದ್ದು ಆ ದುಡ್ಡಿನಲ್ಲಿ.

ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಆ ಜಗಲಿಗೆ ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: "ಏನ್ ತಗೋತೀಯಮ್ಮ?" ಅವಳಲ್ಲಿ ಉತ್ತರ ಇರಲಿಲ್ಲ, ಒಂದು ನೋಟ್‌ಬುಕ್ ಇತ್ತು. ನನಗೆ ತೋರಿಸಿದಳು. ಮುಂದಿನಿಂದ ತೆರೆದರೆ ಪ್ಯಾನಲ್ ತೊಳೆಯುವ ಟ್ಯಾಂಕರ್ ಯಾವ ದಿನ ಬಂತು, ತೊಳೆಯುವ ಮೊದಲು ಎಷ್ಟು ಧೂಳಿತ್ತು ಎಂಬ ಲೆಕ್ಕ. ಧೂಳನ್ನು ಅವಳು ಅಳೆದದ್ದು ಬೆರಳಿನಿಂದ: "ಕಮ್ಮಿ", "ಜಾಸ್ತಿ", "ಹೆಸರು ಬರೀಬಹುದು". ಹಿಂದಿನಿಂದ ತೆರೆದರೆ ಅಜ್ಜಿ ಹೇಳುವ ಬೀಸೋ ಪದಗಳು. ಮನೆಮಾತು ತೆಲುಗು, ಓದಿದ್ದು ಕನ್ನಡ ಶಾಲೆ. ಹಾಗಾಗಿ ತೆಲುಗು ಪದಗಳೆಲ್ಲ ಕನ್ನಡ ಅಕ್ಷರದಲ್ಲಿದ್ದವು. ನಡುವೆ ಎಲ್ಲೋ ಪೆನ್ಸಿಲ್ಲಿನಲ್ಲಿ ಪಾವಗಡ ಬೆಟ್ಟದ ಕೋಟೆ.

ಇಂಥ ಹುಡುಗಿಗೆ ಕಾಲೇಜು ಹುಡುಕುವ ಕೆಲಸ ಸೋದರಮಾವನಾದ ನನ್ನ ತಲೆಗೆ ಬಂತು.

ನಮ್ಮ ಪಿಯುಸಿಯಲ್ಲಿ ಆರು ವಿಷಯ. ಎರಡು ಭಾಷೆ, ನಾಲ್ಕು ಐಚ್ಛಿಕ. ಆ ನಾಲ್ಕರ ಮೊದಲ ಅಕ್ಷರ ಸೇರಿ ಮಕ್ಕಳ ಹಣೆಬರಹವಾಗುತ್ತದೆ: ಪಿಸಿಎಂಬಿ, ಪಿಸಿಎಂಸಿ, ಎಚ್‌ಇಪಿಎಸ್, ಎಚ್‌ಇಬಿಎ. ಪಿಸಿಎಂಬಿ ಅಂದ ಕೂಡಲೇ ಹದಿನೈದು ಹದಿನಾರಕ್ಕೇ ಇತಿಹಾಸ ಮುಗಿಯಿತು. ಎಚ್‌ಇಪಿಎಸ್ ಅಂದರೆ ಲ್ಯಾಬಿನ ಬಾಗಿಲು ಮುಚ್ಚಿತು. ಇಲಾಖೆಯ ಪಟ್ಟಿ ಮಾತ್ರ ಬಲು ಉದಾರ. ಅದರಲ್ಲಿ ಐಚ್ಛಿಕ ಕನ್ನಡ, ಮನಃಶಾಸ್ತ್ರ, ತರ್ಕಶಾಸ್ತ್ರ, ಭೂಗೋಳ, ಸಂಗೀತ, ಭೂಗರ್ಭ ವಿಜ್ಞಾನ ಎಲ್ಲ ಇವೆ. ಆದರೆ ತಾಲ್ಲೂಕಿನ ಸಣ್ಣ ಕಾಲೇಜಿನಲ್ಲಿ ವಿಷಯ ಇರುವುದು ಪಟ್ಟಿ ನೋಡಿಕೊಂಡಲ್ಲ, ಲೆಕ್ಚರರ್ ಇದ್ದಾರೋ ಇಲ್ಲವೋ ನೋಡಿಕೊಂಡು. ಮಧುಗಿರಿಯಲ್ಲಿ ಊರಿನ ತಲೆ ಮೇಲೇ ಅಷ್ಟು ದೊಡ್ಡ ಏಕಶಿಲಾ ಬೆಟ್ಟ ಕೂತಿದೆ. ನಾವು ಅಲೆದ ನಾಲ್ಕೂ ಕಡೆ ಭೂಗರ್ಭ ವಿಜ್ಞಾನ ಇದೆಯಾ ಎಂದು ಕೇಳಿದೆ. ಒಬ್ಬ ಗುಮಾಸ್ತರು, "ಅದು ಕೋಲಾರದ ಕಡೆ ಇರಬೇಕು ಸಾರ್, ಚಿನ್ನದ ಗಣಿ ಇತ್ತಲ್ಲ" ಎಂದರು.

ಇನ್ನೊಂದು ತಮಾಷೆ. ಎಸ್ಸೆಸ್ಸೆಲ್ಸಿವರೆಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಫಲಿತಾಂಶದ ಪಟ್ಟಿಯಲ್ಲಿ ನಮ್ಮದೇ ಒಂದು ಸಾಲು. ಪಿಯುಸಿಗೆ ಕಾಲಿಟ್ಟ ದಿನವೇ ನಾವು ತುಮಕೂರಿನವರು. ಮಕ್ಕಳೂ ಹಾಗೇ ಮಾಡುತ್ತಾರೆ. ಒಳ್ಳೆಯ ನಂಬರು ಬಂದವರು ತುಮಕೂರಿಗೆ, ಇನ್ನೂ ಒಳ್ಳೆಯ ನಂಬರು ಬಂದವರು ಬೆಂಗಳೂರಿಗೆ. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರ್ ಹತ್ತಿರ ಹತ್ತಿರ. ದಿನಾ ಹೋಗಿ ಬರುವ ಮಾತಿಲ್ಲ.

ನಾವೂ ಮೊದಲು ದೊಡ್ಡ ಊರಿನ ಒಂದು ಖಾಸಗಿ ಕಾಲೇಜಿಗೇ ಹೋದದ್ದು. ಹೆಸರು ಬೇಡ. ಎ.ಸಿ. ಹಾಕಿದ ಕೋಣೆಯಲ್ಲಿ ಕೂರಿಸಿ, ಬಿಸಿ ಬಾದಾಮಿ ಹಾಲು ಕೊಟ್ಟು, ಹೋದ ವರ್ಷದ ನೀಟ್ ರ‍್ಯಾಂಕಿನ ಮಕ್ಕಳ ಫೋಟೋ ತೋರಿಸಿದರು. ಬೆಳಿಗ್ಗೆ ಐದೂವರೆಗೆ ಸ್ಟಡಿ, ರಾತ್ರಿ ಹತ್ತರವರೆಗೆ ಸ್ಟಡಿ. "ಹಾಡು, ಚಿತ್ರ ಏನಾದರೂ..." ಎಂದು ನಾನು ರಾಗ ಎಳೆದೆ. "ಎರಡು ವರ್ಷ ಎಲ್ಲ ಬಿಟ್ಟುಬಿಡಲಿ ಸಾರ್, ಆಮೇಲೆ ಜೀವನಪೂರ್ತಿ ಹಾಡಲಿ" ಎಂದರು. ಅವರಿಗೆ ಆ ಮಾತಿನ ಬಗ್ಗೆ ಹೆಮ್ಮೆಯೂ ಇತ್ತು. ತಂಗಿಯ ಐದು ಎಕರೆಯ ಒಂದು ವರ್ಷದ ಗುತ್ತಿಗೆ ಹಣ ಅಲ್ಲಿನ ಫೀಸಿಗೂ ಸಾಲುತ್ತಿರಲಿಲ್ಲ. ಆದರೆ ನಾವು ಎದ್ದು ಬಂದದ್ದು ಆ ಕಾರಣಕ್ಕಲ್ಲ. ಹುಡುಗಿ ಬಾದಾಮಿ ಹಾಲು ಮುಟ್ಟಿರಲಿಲ್ಲ.

ಆಮೇಲೆ ಸರ್ಕಾರಿ ಕಾಲೇಜುಗಳು. ಒಂದು ಕಡೆ ಲೈಬ್ರರಿಯಲ್ಲಿ ಒಳ್ಳೊಳ್ಳೆಯ ಪುಸ್ತಕ, ಎಲ್ಲ ಗಾಜಿನ ಬೀರುವಿನಲ್ಲಿ, ಬೀಗದೊಳಗೆ. ಬೀಗದ ಕೈ ಇದ್ದವರು ಪರೀಕ್ಷಾ ಡ್ಯೂಟಿಗೆ ಹೋಗಿದ್ದರು. ಇನ್ನೊಂದು ಕಡೆ ಕಟ್ಟಡ ಹಳೆಯದು, ಹೆಂಚು ಜಾರಿದೆ, ಆದರೆ ಲೈಬ್ರರಿಯ ಎರವಲು ರಿಜಿಸ್ಟರ್ ಮೇಜಿನ ಮೇಲೇ ಇತ್ತು. ತಿರುವಿ ನೋಡಿದೆ. ಒಂದೇ ಹುಡುಗನ ಹೆಸರಿನ ಮುಂದೆ ಕಲನಶಾಸ್ತ್ರದ ಗೈಡು, ಕೆಳಗಿನ ಸಾಲಿನಲ್ಲೇ ಒಂದು ಕಾದಂಬರಿ. ಅವನು ವಿಜ್ಞಾನದವನಂತೆ. ಪ್ರಾಸ್ಪೆಕ್ಟಸ್ ಹೇಳದ್ದನ್ನು ಆ ರಿಜಿಸ್ಟರ್ ಹೇಳಿತು. ಅಡ್ಮಿಷನ್ನಿಗೆ ಹೋಗುವ ಅಪ್ಪ ಅಮ್ಮಂದಿರು ಮೊದಲು ಅದನ್ನು ಕೇಳಿ ನೋಡಬೇಕು. ಕೊಡುವುದಿಲ್ಲ ಎಂದರೆ ಅದೂ ಒಂದು ಉತ್ತರವೇ.

ಸಣ್ಣ ಕಾಲೇಜು ಅಂದರೆ ಅಯ್ಯೋ ಪಾಪ ಎನ್ನುವವರಿಗೆ ಎರಡು ಕಥೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಗ್ರಿನೆಲ್ ಎಂಬ ಊರಿದೆ, ನಮ್ಮ ಪಾವಗಡಕ್ಕಿಂತ ಚಿಕ್ಕದು. ಅಲ್ಲಿನ ಸಣ್ಣ ಕಾಲೇಜಿನಲ್ಲಿ ರಾಬರ್ಟ್ ನಾಯ್ಸ್ ಎಂಬ ಹುಡುಗ ಭೌತಶಾಸ್ತ್ರ, ಗಣಿತ ಓದುತ್ತಿದ್ದ. ಹಾಡುತ್ತಿದ್ದ, ನಾಟಕದಲ್ಲಿ ಪಾರ್ಟು ಮಾಡುತ್ತಿದ್ದ, ಈಜುಕೊಳಕ್ಕೆ ಹಾರುವುದರಲ್ಲಿ ನಿಸ್ಸೀಮ. ಪಾರ್ಟಿಗೆಂದು ಊರ ಮೇಯರ್ ಹೊಲದಿಂದ ಹಂದಿಮರಿ ಕದ್ದು ಸಿಕ್ಕಿಬಿದ್ದ. ಡಿಬಾರ್ ಆಗಬೇಕಾದವನ ಪರ ನಿಂತು ಒಂದು ಸೆಮಿಸ್ಟರಿನ ಸಸ್ಪೆನ್ಷನ್ನಿಗೆ ಇಳಿಸಿದವರಲ್ಲಿ ಭೌತಶಾಸ್ತ್ರದ ಮೇಷ್ಟ್ರು ಗ್ರಾಂಟ್ ಗೇಲ್ ಒಬ್ಬರು. ಅದೇ ಮೇಷ್ಟ್ರು, ಟ್ರಾನ್ಸಿಸ್ಟರ್ ಹೊಸದಾಗಿ ಬಂದಿದ್ದ ಕಾಲದಲ್ಲಿ ಅದನ್ನು ತಮ್ಮ ಕಾಲೇಜಿಗೆ ತರಿಸಿ ಪಾಠ ಮಾಡಿದವರು. 1949ರಲ್ಲಿ ಪದವಿ ಮುಗಿಸಿದ ನಾಯ್ಸ್ ಮುಂದೆ ಸಿಲಿಕಾನ್ ಚಿಪ್ ರೂಪಿಸಿದವರಲ್ಲಿ ಒಬ್ಬನಾದ, 1968ರಲ್ಲಿ ಇಂಟೆಲ್ ಕಂಪನಿ ಕಟ್ಟಿದ ಇಬ್ಬರಲ್ಲೂ ಒಬ್ಬ. ವಳ್ಳೂರಿನ ಪ್ಯಾನಲ್ಲಿನೊಳಗೆ ಇರುವುದೂ ಸಿಲಿಕಾನೇ. ಹುಡುಗಿಗೆ ಈ ಕಥೆ ಹೇಳಿದಾಗ ಹಂದಿಯ ಭಾಗವನ್ನು ಎರಡು ಸಲ ಹೇಳಿಸಿಕೊಂಡಳು.

ಎರಡನೆಯದು ಪಕ್ಕದ ಜಿಲ್ಲೆಯದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ 1935ರಲ್ಲಿ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದುಕೊಂಡೇ ಹೋದರು. ಬಸ್ಸಿಗೆ ದುಡ್ಡಿರಲಿಲ್ಲ. ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಬಂದವರು ಬಸವನಗುಡಿಯ ನ್ಯಾಷನಲ್ ಕಾಲೇಜಿಗೇ ಮರಳಿ, ಹಾಸ್ಟೆಲ್ಲಿನ ಒಂದು ಕೋಣೆಯಲ್ಲೇ ಬದುಕು ಕಳೆದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಅದೇ ಮನುಷ್ಯ ಬೆಂಗಳೂರು ಲಲಿತಕಲಾ ಪರಿಷತ್ತನ್ನೂ ಬೆಳೆಸಿದರು. ವಿಜ್ಞಾನದ ಉಪನ್ಯಾಸ, ನಾಟಕ, ಸಂಗೀತ ಎಲ್ಲ ಒಂದೇ ಆವರಣದಲ್ಲಿ. ತಾನು ನಡೆದ ದೂರವನ್ನು ಹಿಂದೆ ಬರುವ ಮಕ್ಕಳು ನಡೆಯಬಾರದೆಂದೋ ಏನೋ, ಗೌರಿಬಿದನೂರು, ಬಾಗೇಪಲ್ಲಿಯಂಥ ಊರುಗಳಿಗೂ ನ್ಯಾಷನಲ್ ಕಾಲೇಜು ಬಂತು.

ಪದವಿಗೆ ಹೋದಾಗಲಾದರೂ ಬೆರೆಸಿ ಓದಬಹುದಲ್ಲ ಎಂದು ಕೇಳುವಿರಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಎಲ್ಲರಿಗಿಂತ ಮೊದಲು ನಮ್ಮ ರಾಜ್ಯ ತಂದಾಗ ಮುಕ್ತ ಐಚ್ಛಿಕ ವಿಷಯ ಎಂಬುದು ಬಂತು. ಬಿಎಸ್ಸಿಯವರು ಕಲಾ ವಿಭಾಗದ ಒಂದು ಪತ್ರಿಕೆ ತೆಗೆದುಕೊಳ್ಳಬಹುದಿತ್ತು. 2024-25ರಿಂದ ಆ ನೀತಿಯನ್ನೇ ಕೈಬಿಟ್ಟು ಮೂರು ವರ್ಷದ ಹಳೆಯ ದಾರಿಗೆ ಮರಳಿದ್ದೇವೆ. ಆ ನೀತಿಯ ರಾಜಕೀಯ ಏನೇ ಇರಲಿ, ಆ ಒಂದು ಬಾಗಿಲು ನನಗೆ ಇಷ್ಟವಾಗಿತ್ತು. ಸಣ್ಣ ಕಾಲೇಜುಗಳಲ್ಲಿ ಅದು ಬಾಗಿಲಿನ ಚಿತ್ರವಷ್ಟೇ ಆಗಿತ್ತು ಎಂಬುದೂ ನಿಜ. ಯಾವ ಅತಿಥಿ ಉಪನ್ಯಾಸಕರಿಗೆ ಪಿರಿಯಡ್ ಖಾಲಿ ಇದೆಯೋ ಅದೇ ಎಲ್ಲರ 'ಆಯ್ಕೆ'.

ಹಾಗಾದರೆ ಉಳಿಯುವುದು ಕ್ಲಾಸು ಬಿಟ್ಟ ಮೇಲಿನ ಹೊತ್ತು. ನಾಟಕ, ಚರ್ಚಾಸ್ಪರ್ಧೆ, ರಾತ್ರಿ ಆಕಾಶ ತೋರಿಸುವುದು, ಕಗ್ಗಲಡುವಿನ ಹುಣಸೆಮರದಲ್ಲಿ ಗೂಡು ಕಟ್ಟುವ ಕೊಕ್ಕರೆ ಎಣಿಸಲು ಹೋಗುವುದು, ಮೈದನಹಳ್ಳಿಯ ಕೃಷ್ಣಮೃಗ, ಶಿರಾದ ಮಲಿಕ್ ರಿಹಾನ್ ಗೋರಿಯ ಕಲ್ಲು ಕೆತ್ತನೆ ನೋಡುವುದು. ನಾಲ್ಕು ಅಕ್ಷರದೊಳಗೆ ಹಿಡಿಸದ್ದೆಲ್ಲ ನಡೆಯುವುದು ಆಗಲೇ. ನಮ್ಮ ಕಡೆ ಆ ಹೊತ್ತನ್ನು ಪ್ರಿನ್ಸಿಪಾಲರಿಗಿಂತ ಹೆಚ್ಚಾಗಿ ಆಳುವವರು ಬಸ್ ಕಂಡಕ್ಟರ್‌ಗಳು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ದೊಡ್ಡ ಉಪಕಾರವೇ. ಆದರೆ ನಮ್ಮ ನಾಲ್ಕು ತಾಲ್ಲೂಕಿನ ಒಳರಸ್ತೆಗಳಲ್ಲಿ ಖಾಸಗಿ ಬಸ್ಸಿನದೇ ಓಡಾಟ, ಅದರಲ್ಲಿ ಶಕ್ತಿ ನಡೆಯುವುದಿಲ್ಲ. ನಾಲ್ಕು ಗಂಟೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಹುಡುಗರು ಯಾರದೋ ಬೈಕಿನ ಹಿಂದೆ ಕೂತು ಬರುತ್ತಾರೆ. ಹುಡುಗಿ ಮಾತ್ರ ಮೂರೂವರೆಗೇ ಬ್ಯಾಗು ಹೆಗಲಿಗೆ ಹಾಕಿಕೊಂಡು, ರಿಹರ್ಸಲ್ ನಡೆಯುವ ಹಾಲಿನ ಕಿಟಕಿಯಲ್ಲಿ ಒಮ್ಮೆ ಇಣುಕಿ, ಸ್ಟ್ಯಾಂಡಿಗೆ ಓಡುತ್ತಾಳೆ. ಹಳೇ ಹೆಂಚಿನ ಕಾಲೇಜಿನಲ್ಲಿ ಈ ದೃಶ್ಯ ಕಂಡದ್ದೇ ನನ್ನ ಲೆಕ್ಕವನ್ನು ಬದಲಿಸಿತು. ಯಾವ ಕಾಂಬಿನೇಷನ್ ಎಂದು ತಂಗಿಯೊಡನೆ ಜಗಳ ಆಡುವುದನ್ನು ಬಿಟ್ಟು, ಕಾಲೇಜಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಹಾಸ್ಟೆಲ್ ಇದೆಯಾ, ಅದರ ಗೇಟು ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂದು ವಿಚಾರಿಸತೊಡಗಿದೆ. ಬಿಸಿಎಂ ಹಾಸ್ಟೆಲ್ ಸಿಕ್ಕಿತು. ಗೇಟು ಆರೂವರೆಗೆ. ಕಾರ್ಯಕ್ರಮ ಇದ್ದ ದಿನ ಲೆಕ್ಚರರ್ ಚೀಟಿ ಬರೆದುಕೊಟ್ಟರೆ ಏಳೂವರೆ.

ಹುಡುಗಿಯೂ ಒಂದು ಪ್ರಶ್ನೆ ಕೇಳಿದಳು. ಅಪ್ಲಿಕೇಷನ್ ತುಂಬಿಸಿಕೊಳ್ಳುತ್ತಿದ್ದ ಮೇಡಂ, "ಏನಾದ್ರೂ ಡೌಟಾ?" ಎಂದಾಗ, "ಸೈನ್ಸ್ ತಗೊಂಡೋರು ಕನ್ನಡ ಸಂಘಕ್ಕೆ ಸೇರಬಹುದಾ ಮಿಸ್?" ಎಂದಳು. ಮೇಡಂ ಪೆನ್ನು ಕೆಳಗಿಟ್ಟು ನಕ್ಕರು. "ಈಗಿರೋ ಸೆಕ್ರೆಟರಿ ಪಿಸಿಎಂಬಿ ಹುಡುಗನೇ ಕಣಮ್ಮ."

ಪಿಸಿಎಂಬಿಗೇ ಸೇರಿದಳು. ತಂಗಿಗೆ ಅಷ್ಟು ಸಮಾಧಾನ. ಮುಂದೆ ಮನಸ್ಸು ತಿರುಗಿದರೆ ವಿಜ್ಞಾನದಿಂದ ಕಲೆಯ ಕಡೆಗೆ ಹೊರಳಬಹುದು, ಕಲೆಯಿಂದ ವಿಜ್ಞಾನಕ್ಕೆ ಬರುವ ದಾರಿ ಇಲ್ಲ ಎಂಬ ಲೆಕ್ಕಾಚಾರ ನನ್ನದೂ ಇತ್ತು. ಇಂಥ ಏಕಮುಖ ರಸ್ತೆ ಯಾಕಿರಬೇಕು ಎಂಬ ಸಿಟ್ಟೂ ಇತ್ತು.

ಜುಲೈನಲ್ಲಿ ಒಂದು ಗುರುವಾರ ರಾತ್ರಿ ಹಾಸ್ಟೆಲ್ ಗೆಳತಿಯ ಫೋನಿನಿಂದ ಕರೆ ಮಾಡಿದಳು. ಕನ್ನಡ ಮೇಷ್ಟ್ರು ಶಿರಾ ಕಡೆಯಿಂದ ಜುಂಜಪ್ಪನ ಪದ ಹೇಳುವವರನ್ನು ಕರೆಸುತ್ತಾರಂತೆ, ಬರೆದುಕೊಳ್ಳುವುದಕ್ಕೆ ಮಕ್ಕಳು ಬೇಕಂತೆ, ಇವಳ ನೋಟ್‌ಬುಕ್ ನೋಡಿ ಇವಳ ಹೆಸರನ್ನೂ ಹಾಕಿದ್ದಾರಂತೆ.

"ಅದಕ್ಕೇ ಮಾವ, ಈ ಶನಿವಾರ ನಾನು ಊರಿಗೆ ಬರಲ್ಲ. ಅಮ್ಮಂಗೆ ನೀನೇ ಹೇಳು."