ಕೊಡಗಿನ ಮಳೆ, ಮಣ್ಣು, ಮರ

ದ್ವಂದ್ವಸಮಾಸವನ್ನು ಬೋಧಿಸುವಾಗ ನಾವು ಪಂಡಿತರು ಕೊಡುವ ಹಳೆಯ ಉದಾಹರಣೆ ‘ಗಿರಿವನದುರ್ಗಗಳು’. ಅಲ್ಲಿ ಗಿರಿಗೂ ವನಕ್ಕೂ ದುರ್ಗಕ್ಕೂ ಸಮಾನವಾದ ಪ್ರಾಧಾನ್ಯ. ‘ಜಡಚೇತನ’ ಎಂಬ ಮಾತೂ ಅದೇ ಬಗೆಯದು. ಆದರೆ ಮಾತಿನಲ್ಲಿ ಕೂಡಿಸಿದುದನ್ನು ನಾವು ಬಾಳಿನಲ್ಲಿ ಬಿಡಿಸಿ ನೋಡುತ್ತೇವೆ. ಕಲ್ಲು, ನೀರು, ಗಾಳಿ ಒಂದು ಕಡೆ. ಹುಲ್ಲು, ಹುಳು, ಆನೆ, ಮನುಷ್ಯ ಇನ್ನೊಂದು ಕಡೆ. ಇವುಗಳ ನಂಟು ಎಂಥದೆಂಬುದನ್ನು ಕೊಡಗಿನ ನೆಲದ ಮೇಲೆ ನಿಂತು ನೋಡೋಣ, ಬನ್ನಿ.

ಮೊದಲು ಮಳೆ. ಅರಬ್ಬೀ ಸಮುದ್ರದಿಂದ ಬೀಸುವ ನೈಋತ್ಯ ಮಾರುತ ಪಶ್ಚಿಮ ಘಟ್ಟಕ್ಕೆ ತಗಲಿ ಮೇಲೇರುತ್ತದೆ, ಏರಿದಂತೆಲ್ಲ ತಣಿಯುತ್ತದೆ, ತಣಿದಾಗ ತಾನು ಹೊತ್ತ ನೀರಿನ ಆವಿಯನ್ನು ಹೊರಲಾರದೆ ಸುರಿಸಿಬಿಡುತ್ತದೆ. ಘಟ್ಟದ ಮಗ್ಗುಲಿನ ಭಾಗಮಂಡಲದಲ್ಲಿ ವರ್ಷಕ್ಕೆ ಸುಮಾರು 6,000 ಮಿಲಿಮೀಟರ್ ಮಳೆ. ಅಲ್ಲಿಂದ ನೇರವಾಗಿ ಅಳೆದರೆ 50 ಕಿಲೋಮೀಟರೂ ಇಲ್ಲದ ಕುಶಾಲನಗರದಲ್ಲಿ ಅದರ ಕಾಲು ಪಾಲೂ ಇಲ್ಲ. ಆದುದರಿಂದಲೇ ಪಡುವಣದಲ್ಲಿ ಎಂದೂ ಬೋಳಾಗದ ದಟ್ಟ ಕಾಡು; ಮೂಡಣಕ್ಕೆ ನಾಗರಹೊಳೆಯ ಕಡೆ ಬೇಸಗೆಯಲ್ಲಿ ಬೋಳಾಗುವ ತೇಗ, ಬಿದಿರು. ಜಡವಾದ ಬೆಟ್ಟವೂ ಗಾಳಿಯೂ ಸೇರಿ, ಎಲ್ಲಿ ಯಾವ ಮರ ಬಾಳಬೇಕೆಂದು ಗೊತ್ತುಮಾಡುತ್ತವೆ.

ಹಾಗೆಂದು ಜಡವೇ ಒಡೆಯ, ಚೇತನ ಅದರ ಆಳು ಎಂದು ತಿಳಿಯಬೇಡಿ. ನಿಮ್ಮ ಅಡಿಗೆಮನೆಯ ಮಸಾಲೆ ಡಬ್ಬಿಯಲ್ಲಿ ಕಲ್ಲುಹೂವು ಇರಬಹುದು. ಅದು ಹೂವಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಒಂದೇ ದೇಹದಂತೆ ಬಾಳುವ ಜೀವಿ. ಈ ಜಾತಿಯವು ಬರಿಯ ಬಂಡೆಯನ್ನೂ ಹಿಡಿದುಕೊಂಡು, ತಾವು ಒಸರುವ ಆಮ್ಲದಿಂದ ಕಲ್ಲನ್ನು ಇಷ್ಟಿಷ್ಟೇ ಸವೆಸುತ್ತವೆ. ಬಿಸಿಲು ಮಳೆಗಳೂ ಕೈಗೂಡಿಸುತ್ತವೆ. ಬಿರುಕಿನಲ್ಲಿ ಪಾಚಿ ಬೆಳೆದು, ಹುಲ್ಲು ಮೊಳೆತು, ಬೇರು ಇಳಿಯುತ್ತದೆ. ಹೀಗೆ ಬಂಡೆಯ ಮೇಲೆ ಬೆರಳುದ್ದ ಮಣ್ಣು ಕೂಡಲು ನೂರಾರು ವರ್ಷ ಹಿಡಿಯುತ್ತದೆ. ಮಣ್ಣೆಂದರೆ ಕಲ್ಲಿನ ಪುಡಿ ಮಾತ್ರವಲ್ಲ; ಸತ್ತ ಎಲೆ, ಬದುಕಿರುವ ಎರೆಹುಳು, ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮಜೀವಿಗಳು, ಗಾಳಿ, ನೀರು ಇವೆಲ್ಲ ಸೇರಿದರೆ ಮಣ್ಣು.

ಜರ್ಮನಿಯ ಏರ್ನ್‌ಸ್ಟ್ ಹೆಕೆಲ್ 1866ರಲ್ಲಿ ಈ ನಂಟುಗಳ ಅಧ್ಯಯನಕ್ಕೆ ಒಂದು ಹೆಸರಿಟ್ಟನು. ಅದು ಮನೆ ಎಂಬರ್ಥದ ಗ್ರೀಕ್ ಪದದಿಂದ ಬಂದುದು. ನಮ್ಮ ಭಾಷೆಯಲ್ಲಿ ಅದಕ್ಕೆ ಪರಿಸರ ವಿಜ್ಞಾನ ಎನ್ನುತ್ತೇವೆ. 1935ರಲ್ಲಿ ಇಂಗ್ಲೆಂಡಿನ ಆರ್ಥರ್ ಟ್ಯಾನ್ಸ್ಲಿ, ಜೀವಿಗಳನ್ನೂ ಅವುಗಳ ಸುತ್ತಣ ನೆಲ ಜಲ ವಾಯುಗಳನ್ನೂ ಬೇರ್ಪಡಿಸದೆ ಒಂದೇ ವ್ಯವಸ್ಥೆಯಾಗಿ ಕಾಣಬೇಕೆಂದನು. ಕೊಡಗಿನವರಿಗೆ ಇದು ಬೇಗ ಅರ್ಥವಾದೀತು. ಐನ್‌ಮನೆಯೆಂದರೆ ಗೋಡೆ ಮಾಡು ಮಾತ್ರವಲ್ಲ. ಒಕ್ಕದ ಜನ, ಗದ್ದೆ, ತೋಟ, ಗತಿಸಿದ ಹಿರಿಯರು ಎಲ್ಲವೂ ಅದರೊಳಗೆ.

ಈ ದೊಡ್ಡ ಮನೆಯ ಕೊಡುಕೊಳೆಯನ್ನು ಕಾಫಿ ತೋಟದಲ್ಲಿಯೇ ಕಾಣಬಹುದು. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಎಂದಾದರೊಂದು ದಿನ ಹೂಮಳೆ ಬೀಳುತ್ತದೆ. ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ರೊಬಸ್ಟಾ ಗಿಡ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟಲಾರದು. ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತಂದುಕೊಡಬೇಕು. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ತಗಲಿ ದಕ್ಷಿಣ ಭಾರತದ ತುಡುವೆ ಜೇನಿನ ಗೂಡುಗಳು ಸಾಲುಸಾಲಾಗಿ ಬರಿದಾದಾಗ, ನಷ್ಟವಾದುದು ಜೇನುತುಪ್ಪ ಮಾತ್ರವಲ್ಲವೆಂಬುದನ್ನು ಇದರಿಂದ ಊಹಿಸಬಹುದು. ಇನ್ನು ನೆರಳಿಗೆ ನೆಟ್ಟ ಹಾಲುವಾಣವನ್ನು ನೋಡಿ. ಅದರ ಬೇರಿನ ಗಂಟುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒಗ್ಗುವಂತೆ ಮಾರ್ಪಡಿಸುತ್ತವೆ. ಉದುರಿದ ಎಲೆಯನ್ನು ಗೆದ್ದಲೂ ಅಣಬೆಯೂ ಎರೆಹುಳುವೂ ಕರಗಿಸಿ ಮತ್ತೆ ಬೇರಿಗೆ ಒಪ್ಪಿಸುತ್ತವೆ. ಗಾಳಿಯಲ್ಲಿದ್ದುದು ಎಲೆಯಾಗಿ, ಎಲೆ ಮಣ್ಣಾಗಿ, ಮಣ್ಣು ಕಾಯಾಗಿ ಬಂದಿತು. ಇಲ್ಲಿ ಜಡವೆಲ್ಲಿ ಮುಗಿಯಿತು, ಚೇತನವೆಲ್ಲಿ ಮೊದಲಾಯಿತು?

ನಮ್ಮ ದೇವರಕಾಡುಗಳಲ್ಲಿ ಈ ವ್ಯವಹಾರ ಹೆಚ್ಚು ಅಡ್ಡಿಯಿಲ್ಲದೆ ನಡೆಯುತ್ತದೆ. ಅಲ್ಲಿ ಕೊಡಲಿ ಹಾಕಬಾರದೆಂಬುದು ಹಿರಿಯರ ಕಟ್ಟಳೆ. ಎತ್ತರದ ಮರ, ಅದರಡಿಯ ಕಿರುಮರ, ಪೊದೆ, ತರಗೆಲೆ ಇವು ಒಂದರ ಕೆಳಗೊಂದು ನಿಂತು ಮಳೆಹನಿಯ ಪೆಟ್ಟನ್ನು ತಡೆಯುತ್ತವೆ. ಬೇರುಗಳೂ ಹುಳುಗಳೂ ಕೊರೆದ ಕಿರುದಾರಿಗಳಲ್ಲಿ ನೀರು ನೆಲಕ್ಕೆ ಇಳಿದು, ಮಳೆ ನಿಂತ ಮೇಲೂ ತೋಡುಗಳಲ್ಲಿ ಮೆಲ್ಲಮೆಲ್ಲನೆ ಒಸರುತ್ತದೆ. ಬೇಸಗೆಯ ಕಾವೇರಿಯಲ್ಲಿ ಹರಿಯುವುದು ಹೀಗೆ ನೆಲ ಕೂಡಿಟ್ಟ ಮಳೆ. ಜಿಲ್ಲೆಯಲ್ಲಿ 1,214 ದೇವರಕಾಡುಗಳನ್ನು ಲೆಕ್ಕ ಹಾಕಿದ್ದಾರೆ. ಆದರೆ 1905ರಲ್ಲಿ 15,506 ಎಕರೆಯಿದ್ದ ಅವುಗಳ ವಿಸ್ತೀರ್ಣ 1985ರ ಹೊತ್ತಿಗೆ 6,299 ಎಕರೆಗೆ ಇಳಿದಿತ್ತು. ದೇವರು ಉಳಿದನು, ಕಾಡು ಕರಗಿತು.

2018ರ ಆಗಸ್ಟ್ ತಿಂಗಳಲ್ಲಿ ದಿನಗಟ್ಟಲೆ ಸುರಿದ ಮಳೆಗೆ ಮಕ್ಕಂದೂರು, ಜೋಡುಪಾಲ ಮುಂತಾದ ಕಡೆ ಗುಡ್ಡಗಳು ಜಾರಿದುದು ನಿಮಗೆ ನೆನಪಿರಬಹುದು. ಶಾಲೆ ಮತ್ತೆ ತೆರೆದಾಗ ನನ್ನ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ನಮ್ಮ ಗುಡ್ಡ ಅಜ್ಜನ ಕಾಲದಿಂದ ನಿಂತಿತ್ತಲ್ಲ, ಈಗ ಯಾಕೆ ಜಾರಿತು?” ಅವರ ಗದ್ದೆಯ ಮೇಲೆ ಆಳುದ್ದ ಕೆಸರು ಕೂತಿತ್ತು. “ಮಳೆ ಜಾಸ್ತಿಯಾಯಿತಮ್ಮ” ಎಂದು ನಾನು ಹೇಳಿ ಕೂರಿಸಿದೆ. ಅದು ಅರ್ಧ ಉತ್ತರ. ಮಳೆ ಹೆಚ್ಚಾದುದು ನಿಜ. ಮರವಿದ್ದ ಇಳಿಜಾರುಗಳೂ ಕೆಲವೆಡೆ ಕುಸಿದುದು ನಿಜ. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಪರೀಕ್ಷಿಸಿದಾಗ, ರಸ್ತೆಗೆಂದೂ ಕಟ್ಟಡಕ್ಕೆಂದೂ ಇಳಿಜಾರನ್ನು ಕಡಿದು ಕೆಡಿಸಿದುದು ಮುಖ್ಯ ಕಾರಣಗಳಲ್ಲಿ ಒಂದೆಂದು ಕಂಡುಬಂದಿತು. ಬುಡ ಕಡಿದ ಇಳಿಜಾರಿಗೆ ಆಸರೆ ತಪ್ಪುತ್ತದೆ. ಮಣ್ಣಿನ ಕಣಗಳ ನಡುವೆ ನೀರು ತುಂಬಿದರೆ ಭಾರ ಹೆಚ್ಚುತ್ತದೆ, ಕಣಕಣದ ಹಿಡಿತ ಸಡಿಲುತ್ತದೆ. ಬೇರಿನ ಕಟ್ಟೂ ಇಲ್ಲವಾದರೆ ಕೇಳಬೇಕೆ?

ಆ ಹುಡುಗಿಗೆ ಕೊಡಬೇಕಾಗಿದ್ದ ಉಳಿದರ್ಧ ಉತ್ತರ ಇದು. ಸಾಧ್ಯವಾದರೆ ನಿಮ್ಮ ಮನೆಯ ಮಕ್ಕಳಿಗೂ ಹೇಳಿ. ಮಳೆಗಾಲ ಕಳೆದ ಮೇಲೆ ಅವರನ್ನು ಮರದಡಿಗೆ ಕರೆದೊಯ್ದು, ತರಗೆಲೆ ಸರಿಸಿ, ಒಂದು ಹಿಡಿ ಮಣ್ಣನ್ನು ಕೈಯಲ್ಲಿಡಿ. ಅದನ್ನು ಮೂಸಲಿ, ಹಿಚುಕಲಿ, ಅದರಲ್ಲಿ ಹರಿದಾಡುವುದನ್ನು ಎಣಿಸಲಿ. ಜಡವೆಷ್ಟು, ಚೇತನವೆಷ್ಟು ಎಂದು ಬಿಡಿಸಿಕೊಡಿರೆಂದು ಕೇಳಿ. ಈ ಸಮಾಸಕ್ಕೆ ವಿಗ್ರಹವಾಕ್ಯ ಬರೆಯಲಾಗುವುದಿಲ್ಲವೆಂಬುದು ಅವರಿಗೆ ತಾನಾಗಿಯೇ ತಿಳಿಯುತ್ತದೆ.