ಓಡೋದು ಸರಿ, ನಿಲ್ಲೋದು ಹೇಗೆ?

ಮೊನ್ನೆ ಸಂಜೆ ಬುಲೆಟಿನ್‌ಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಡೆಸ್ಕ್‌ನಲ್ಲಿ ಎಲ್ಲರೂ ಒಂದೇ ಮಾನಿಟರ್ ಮುಂದೆ ಗುಂಪು ಕಟ್ಟಿಕೊಂಡು ನಿಂತಿದ್ದರು. ಮಲೆನಾಡಿನ ನಮ್ಮ ವರದಿಗಾರ ಒಂದು ವಿಡಿಯೋ ಕಳಿಸಿದ್ದ. ಹತ್ತನೇ ಕ್ಲಾಸಿನ ಹುಡುಗ, ಅವನ ಅಪ್ಪನ ಹಳೇ ಕರಿ ಸೈಕಲ್ಲು, ಅದರ ಫ್ರೇಮಿನ ತ್ರಿಕೋನದೊಳಗೆ ಪುಟ್ಟದೊಂದು ಪೆಟ್ರೋಲ್ ಎಂಜಿನ್. ಹುಡುಗ ನಾಲ್ಕು ಸಲ ಪೆಡಲ್ ತುಳಿದ, ಕ್ಲಚ್ ಬಿಟ್ಟ, ಪಟಪಟ ಅಂತ ಹೊಗೆ ಬಿಟ್ಕೊಂಡು ಸೈಕಲ್ಲು ಹೊರಟೇ ಬಿಡ್ತು. ‘ಹಳ್ಳಿ ಹೈದನ ಸೂಪರ್ ಬೈಕ್’ ಅಂತ ಶೀರ್ಷಿಕೆಯೂ ರೆಡಿ ಇತ್ತು.

ನಾನು ಕೇಳಿದ್ದು ಇಷ್ಟೇ: ಇವನು ನಿಲ್ಲಿಸಿದ್ದು ಎಲ್ಲಿ? ಮತ್ತೆ ಹಾಕಿ ನೋಡಿದರು. ನಿಲ್ಲಿಸೋ ದೃಶ್ಯವೇ ಇಲ್ಲ. ತಿರುವಿನಲ್ಲಿ ಮರೆಯಾಗ್ತಾನೆ, ವಿಡಿಯೋ ಅಲ್ಲಿಗೇ ಮುಗಿಯುತ್ತೆ.

ಆ ಸುದ್ದಿ ಅವತ್ತು ಹೋಗಲಿಲ್ಲ. ಹಾಗಂತ ನಾವೇನೂ ಸಾಚಾ ಅಲ್ಲ ವೀಕ್ಷಕರೇ. ಇಂಥ ಎಷ್ಟೋ ಸುದ್ದಿಗಳನ್ನು ನಾನೇ ಈ ಕುರ್ಚಿಯಲ್ಲಿ ಕೂತು ನಗುನಗುತ್ತಾ ಓದಿದ್ದೇನೆ, ‘ಹಳ್ಳಿ ವಿಜ್ಞಾನಿ’ ಅಂತ ಬಿರುದು ಕೊಟ್ಟಿದ್ದೇನೆ. ಒಂದು ಸಲವೂ ಬ್ರೇಕ್ ಬಗ್ಗೆ ಕೇಳಿರಲಿಲ್ಲ. ಓದಿದ್ದು ನೋಡಿದ್ರೆ ಎಂಜಿನಿಯರಿಂಗ್!

ಮೊದಲು ಈ ಕಿಟ್ ಅಂದ್ರೇನು, ನೋಡೋಣ. ಆನ್‌ಲೈನ್‌ನಲ್ಲಿ ಮಾರೋದು ಹೆಚ್ಚಾಗಿ ಚೀನಾ ಮಾದರಿಯ ಟೂ ಸ್ಟ್ರೋಕ್ ಎಂಜಿನ್. ಡಬ್ಬದ ಮೇಲೆ 80 ಸಿಸಿ ಅಂತ ಇರುತ್ತೆ. ಸಾಮಾನ್ಯವಾಗಿ ಅದರ ಸಿಲಿಂಡರಿನ ಅಡ್ಡಳತೆ 47 ಮಿಲಿಮೀಟರ್, ಪಿಸ್ಟನ್ ಓಡಾಡೋ ದೂರ 38. ಲೆಕ್ಕ ಹಾಕಿದ್ರೆ 66 ಸಿಸಿ. ಡಬ್ಬದ ಮೇಲಿನ ಮೊದಲ ಸುಳ್ಳು ಅಲ್ಲೇ ಸಿಕ್ತು. ಸೀಟಿನ ಕೆಳಗಿನ ಪೈಪು ಮತ್ತು ಮುಂದಿನ ಓರೆ ಪೈಪು ಸೇರುವ ‘ವಿ’ ಆಕಾರದ ಜಾಗದಲ್ಲಿ ಎಂಜಿನ್ ಕೂರುತ್ತೆ. ಎರಡೂ ಪೈಪಿಗೆ ಒಂದೊಂದು ಕ್ಲ್ಯಾಂಪು. ಪೆಡಲಿನ ಚೈನು ಬಲಗಡೆ ಹಾಗೇ ಇರುತ್ತೆ, ಎಂಜಿನ್ನಿನ ಚೈನು ಎಡಗಡೆ ಬರುತ್ತೆ. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಹೊಸದರಲ್ಲಿ ಲೀಟರಿಗೆ ಸುಮಾರು 60 ಎಂಎಲ್, ಪಳಗಿದ ಮೇಲೆ 30ರಿಂದ 40. ಲೂನಾ ಕಾಲದಲ್ಲಿ ಬಂಕಿಗೆ ಹೋಗಿ 2ಟಿ ಆಯಿಲ್ ಹಾಕಿಸಿದವರಿಗೆ ಇದೇನೂ ಹೊಸದಲ್ಲ.

ಇನ್ನು ಕೂರಿಸೋ ಕೆಲಸ. ಹುಡುಗರು ಮಾಡೋ ಮೊದಲ ತಪ್ಪು, ಕ್ಲ್ಯಾಂಪಿನೊಳಗೆ ಹಳೇ ಟ್ಯೂಬಿನ ರಬ್ಬರ್ ಸುತ್ತೋದು. ನಡುಕ ಕಮ್ಮಿಯಾಗಲಿ ಅಂತ. ಆಗೋದು ಉಲ್ಟಾ. ನಿಮಿಷಕ್ಕೆ 5000 ಸುತ್ತು ಅಂದ್ರೆ ಸೆಕೆಂಡಿಗೆ 83 ಹೊಡೆತ. ಮೆತ್ತನೆಯ ರಬ್ಬರಿನ ಮೇಲೆ ಎಂಜಿನ್ ಅಲ್ಲಾಡುತ್ತಾ ಹೋಗಿ ಬೋಲ್ಟು ಸಡಿಲವಾಗುತ್ತೆ, ಕಡೆಗೊಂದು ದಿನ ತುಂಡಾಗುತ್ತೆ. ಕಬ್ಬಿಣಕ್ಕೆ ಕಬ್ಬಿಣವೇ ಕೂತು ಬಿಗಿಯಾಗಿರಬೇಕು. ದಿನಾ ಹೊರಡೋ ಮುಂಚೆ ಪ್ರತಿ ಬೋಲ್ಟಿಗೂ ಸ್ಪ್ಯಾನರ್ ಹಾಕಿ ನೋಡಬೇಕು.

ಅದಕ್ಕಿಂತ ಸೂಕ್ಷ್ಮವಾದದ್ದು ಹಿಂದಿನ ಚಕ್ರ. ಕಿಟ್ಟಿನ ಜೊತೆ ಬರೋ 44 ಹಲ್ಲಿನ ಚಕ್ರವನ್ನು ಹಬ್ಬಿಗೆ ಹಾಕೋದಲ್ಲ, ಸ್ಪೋಕ್ಸ್ ಕಡ್ಡಿಗಳಿಗೇ ಕಚ್ಚಿಸೋದು. ಕಡ್ಡಿಗಳ ಒಳಗೊಂದು ಹೊರಗೊಂದು ರಬ್ಬರ್ ಬಿಲ್ಲೆ, ಮಧ್ಯೆ ಒಂಬತ್ತು ಬೋಲ್ಟು. ನಮ್ಮ ಕಾಲು ದಣಿಯದೆ ಕೊಡೋ ಶಕ್ತಿ ಸುಮಾರು 100 ವಾಟ್. ಈ ಎಂಜಿನ್ ಎರಡು ಕುದುರೆ ಶಕ್ತಿ ಕೊಟ್ಟರೂ ಅದು ಸುಮಾರು 1500 ವಾಟ್. ಆ ಎಳೆತವೆಲ್ಲ ಹೋಗೋದು ಒಂದು ಪಕ್ಕದ ಕಡ್ಡಿಗಳ ಮೂಲಕ. ಬಿಲ್ಲೆ ಒಂದೆರಡು ಮಿಲಿಮೀಟರ್ ಆಚೀಚೆ ಕೂತರೂ ಚೈನು ಒಂದೇ ಸುತ್ತಿನಲ್ಲಿ ಒಮ್ಮೆ ಬಿಗಿ, ಒಮ್ಮೆ ಸಡಿಲ. ಸಡಿಲ ಆದಾಗ ಜಾರದಿರಲಿ ಅಂತ ಒಂದು ಟೆನ್ಶನರ್ ಕೊಟ್ಟಿರ್ತಾರೆ, ಹಿಂದಿನ ಪೈಪಿಗೆ ಕ್ಲ್ಯಾಂಪ್ ಹಾಕಿ ನಿಲ್ಲಿಸೋ ಪುಟ್ಟ ಗಾಲಿ ಅದು.

ಆ ಪುಟ್ಟ ಗಾಲಿಯನ್ನ ನಾನು ಮರೆಯಲ್ಲ. ಕಾಲೇಜಿನ ಮೂರನೇ ವರ್ಷ ನಾವು ನಾಲ್ಕು ಜನ ದುಡ್ಡು ಹಾಕಿ ಇಂಥದ್ದೇ ಕಿಟ್ ತರಿಸಿದ್ವಿ. ಹಾಸ್ಟೆಲ್ ಹಿಂದೆ ಎರಡು ರಾತ್ರಿ ಕೂತು ಜೋಡಿಸಿದ್ವಿ. ಮೂರನೇ ದಿನ ನನ್ನ ರೂಮ್‌ಮೇಟ್ ಓಡಿಸ್ತಿದ್ದ. ಟೆನ್ಶನರಿನ ಕ್ಲ್ಯಾಂಪು ಸ್ವಲ್ಪ ತಿರುಗಿತು, ಅಷ್ಟೇ. ಗಾಲಿ ನೇರವಾಗಿ ಕಡ್ಡಿಗಳ ಒಳಗೆ ಹೋಯ್ತು. ಹಿಂದಿನ ಚಕ್ರ ಕಚ್ಚಿಕೊಂಡು ನಿಂತೇ ಹೋಯ್ತು, ಅವನು ನಿಲ್ಲಲಿಲ್ಲ. ಕಾಲರ್ ಬೋನ್ ಮುರೀತು, ಮುಂದಿನ ಎರಡು ಹಲ್ಲು ಹೋದ್ವು. ಆ ಬೋಲ್ಟು ಬಿಗಿ ಮಾಡಿದ್ದವನು ನಾನು. ಈಗಲೂ ಅವನು ಫೋನ್ ಮಾಡಿದಾಗ ‘ಏನೋ ಟೆನ್ಶನರ್’ ಅಂತಲೇ ಮಾತು ಶುರು ಮಾಡ್ತಾನೆ.

ಸರಿ, ಬೋಲ್ಟೆಲ್ಲ ಬಿಗಿ ಇದೆ, ಚೈನು ನೇರ ಇದೆ ಅಂತಲೇ ಇಟ್ಕೊಳ್ಳಿ. ಎಂಜಿನ್ 18 ಸುತ್ತು ಸುತ್ತಿದ್ರೆ ಚಕ್ರ ಒಂದು ಸುತ್ತು. 26 ಇಂಚಿನ ಚಕ್ರದಲ್ಲಿ ಎಂಜಿನ್ 6500 ಸುತ್ತು ಮುಟ್ಟಿದರೆ ಗಂಟೆಗೆ 45 ಕಿಲೋಮೀಟರ್. ಇದೇ ಸೈಕಲ್ಲನ್ನು ಅಪ್ಪ ತುಳೀತಿದ್ದದ್ದು 15ರಲ್ಲಿ. ವೇಗ ಮೂರು ಪಟ್ಟು ಆದ್ರೆ ನಿಲ್ಲಿಸೋಕೆ ತೆಗೆಯಬೇಕಾದ ಶಕ್ತಿ ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಅದನ್ನ ತೆಗೆಯೋಕೆ ಇರೋದೇನು? ಕರಿ ಸೈಕಲ್ಲಿನ ಸರಳಿನ ಬ್ರೇಕು, ಅದರ ತುದಿಯಲ್ಲಿ ಬೆರಳುದ್ದದ ರಬ್ಬರು, ಎದುರಿಗೆ ನುಣುಪಾದ ಸ್ಟೀಲ್ ರಿಮ್ಮು. ಮಳೆ ಬಂದು ರಿಮ್ಮು ಒದ್ದೆಯಾದ್ರೆ ಆ ರಬ್ಬರು ಹಿಡಿಯೋದೇ ಇಲ್ಲ, ಜಾರುತ್ತೆ. ಈ ಹುಡುಗ ಇರೋದು ಎಲ್ಲಿ ಹೇಳಿ? ಮಲೆನಾಡಿನಲ್ಲಿ. ಜೂನ್ ತಿಂಗಳಲ್ಲಿ, ಇಳಿಜಾರು ರಸ್ತೆಯಲ್ಲಿ. ಆ ಡಬ್ಬದಲ್ಲಿ ಎಂಜಿನ್, ಟ್ಯಾಂಕು, ಕ್ಲಚ್ಚು, ಸೈಲೆನ್ಸರು ಎಲ್ಲಾ ಇರುತ್ತೆ. ಅಷ್ಟು ವೇಗ ತಡೆಯೋ ಬ್ರೇಕ್ ಮಾತ್ರ ಇರಲ್ಲ.

ಹಾಗಾದ್ರೆ ಸೈಕಲ್ಲಿಗೆ ಎಂಜಿನ್ ಇಡೋದೇ ಹುಚ್ಚಾ? ಅಲ್ಲವೇ ಅಲ್ಲ. 1946ರಲ್ಲಿ ಜಪಾನಿನ ಹಮಾಮಾತ್ಸುವಿನಲ್ಲಿ ಸೊಯಿಚಿರೊ ಹೋಂಡಾ ಮಾಡಿದ್ದೂ ಇದನ್ನೇ. ಯುದ್ಧ ಮುಗಿದು ಉಳಿದಿದ್ದ, ಸೇನೆಯ ರೇಡಿಯೋಗಳಿಗೆ ಕರೆಂಟ್ ಕೊಡುತ್ತಿದ್ದ ಪುಟ್ಟ ಎಂಜಿನ್‌ಗಳನ್ನು ತಂದು ಸೈಕಲ್ಲಿಗೆ ಹಾಕಿದರು. ಮೊದಲ ಪ್ರಯೋಗದಲ್ಲಿ ಪೆಟ್ರೋಲ್ ಟ್ಯಾಂಕ್ ಯಾವುದು ಗೊತ್ತಾ? ಮನೆಯಲ್ಲಿದ್ದ ಬಿಸಿನೀರಿನ ಚೀಲದಂಥ ಡಬ್ಬಿ. ಓಡಿಸಿ ನೋಡಿದವರಲ್ಲಿ ಅವರ ಹೆಂಡತಿಯೂ ಒಬ್ಬರು. ಕಂಪನಿ ಶುರುವಾಗಿದ್ದು ಅದಾದ ಎರಡು ವರ್ಷಕ್ಕೆ. ಆದರೆ ಇವರ್‍ಯಾರೂ ಸೈಕಲ್ಲಿನಲ್ಲೇ ನಿಲ್ಲಲಿಲ್ಲ. ನಮ್ಮಲ್ಲಿ 1972ರಲ್ಲಿ ಬಂದ ಲೂನಾವನ್ನೇ ನೆನಪಿಸಿಕೊಳ್ಳಿ. 50 ಸಿಸಿ, ಪೆಡಲ್ ಇದೆ, ದೂರದಿಂದ ನೋಡಿದ್ರೆ ಸೈಕಲ್ಲಿನ ತಂಗಿ. ಹತ್ತಿರ ಹೋಗಿ ನೋಡಿ: ಚಕ್ರ ಚಿಕ್ಕದು, ಕಡ್ಡಿ ದಪ್ಪ, ಟೈರು ಅಗಲ, ಹಬ್ಬಿನೊಳಗೆ ಮಳೆ ತಾಗದ ಡ್ರಮ್ ಬ್ರೇಕು. ಎಂಜಿನ್ ನಮ್ಮ ಕಿಟ್ಟಿಗಿಂತ ಸಣ್ಣದು, ಬ್ರೇಕ್ ಎಷ್ಟೋ ದೊಡ್ಡದು.

ಕಾನೂನು ಏನು ಹೇಳುತ್ತೆ ಅಂತ ತುಂಬಾ ಜನ ಕೇಳ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕಕ್ಕಿಂತ ಕಮ್ಮಿ ಚಕ್ರ, 25 ಸಿಸಿ ಮೀರದ ಎಂಜಿನ್ ಇದ್ದರೆ ಅದು ಮೋಟಾರು ವಾಹನವೇ ಅಲ್ಲ. 66 ಸಿಸಿ ಕಿಟ್ ಈ ಗೆರೆ ದಾಟಿತು. ಅಡಿಕೆ ತೋಟದಲ್ಲಿ ಹುಲ್ಲು ಹೊಡೆಯೋ ಬ್ರಷ್ ಕಟರಿನ 35 ಸಿಸಿ ಎಂಜಿನ್ ಬಿಚ್ಚಿ ಹಾಕಿದ್ರೆ ಅದೂ ದಾಟಿತು. ಗೆರೆ ದಾಟಿದ ಮೇಲೆ ನೋಂದಣಿ ಬೇಕು, ಲೈಸೆನ್ಸ್ ಬೇಕು, ಇನ್ಶೂರೆನ್ಸ್ ಬೇಕು. ಮನೆಯಲ್ಲಿ ಜೋಡಿಸಿದ ಗಾಡಿಗೆ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಎಲ್ಲಿಂದ ತರ್ತೀರಿ? ಒಪ್ಪಿಗೆ ಇಲ್ಲದೆ ಆರ್‌ಟಿಒ ನಂಬರ್ ಕೊಡಲ್ಲ. ನಂಬರ್ ಇಲ್ಲದೆ ಇನ್ಶೂರೆನ್ಸ್ ಇಲ್ಲ. ಯಾರಿಗಾದ್ರೂ ಗುದ್ದಿದ್ರೆ ಪರಿಹಾರ ಮನೆಯವರ ತಲೆ ಮೇಲೆ. 16 ವರ್ಷದವರಿಗೆ ಲೈಸೆನ್ಸ್ ಸಿಗೋದೂ ಗೇರ್ ಇಲ್ಲದ 50 ಸಿಸಿವರೆಗೆ ಮಾತ್ರ. 2019ರ ತಿದ್ದುಪಡಿ ಆದ ಮೇಲೆ, ಅಪ್ರಾಪ್ತ ಮಗ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು. ಇದನ್ನ ಹುಡುಗನಿಗಿಂತ ಮೊದಲು ಅಪ್ಪ ಓದಬೇಕು.

ಆ ಮಲೆನಾಡಿನ ಮನೆಗೆ ನಾನೇ ಫೋನ್ ಮಾಡಿದ್ದೆ. ಅಪ್ಪ ಎತ್ತಿದರು. ‘ಟಿವಿಯಲ್ಲಿ ಯಾವಾಗ ಬರುತ್ತೆ ಸಾರ್?’ ಅಂತ ಕೇಳಿದರು. ಬರಲ್ಲ ಅಂತ ಹೇಳೋಕೆ ಕಷ್ಟ ಆಯ್ತು. ಮಗನ ಕೈಗೆ ಫೋನ್ ಕೊಡಿಸಿಕೊಂಡು, ಬ್ರೇಕ್ ಯಾವುದಪ್ಪಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ‘ಕಾಲು ಕೊಡ್ತೀನಿ ಸಾರ್’ ಅಂದ.

ಗುಜರಿಯಲ್ಲಿ ಹಳೇ ಮೊಪೆಡ್ಡಿನ ಡ್ರಮ್ ಇರೋ ಚಕ್ರ ಸಿಗುತ್ತಾ ನೋಡು, ಸಿಗೋವರೆಗೆ ಚೈನು ಬಿಚ್ಚಿಡು, ಸಿಕ್ಕಿದ್ರೂ ರಸ್ತೆಗೆ ಇಳಿಸಬೇಡ, ಮನೆ ಅಂಗಳದಲ್ಲೇ ಓಡಿಸು ಅಂದೆ. ಹೂಂ ಅಂದಿದ್ದಾನೆ. ಚೈನು ಬಿಚ್ಚಿರೋ ಫೋಟೋ ಕಳಿಸು ಅಂತ ನಂಬರ್ ಕೊಟ್ಟಿದ್ದೇನೆ. ಇವತ್ತು ಬೆಳಗ್ಗೆವರೆಗೂ ಬಂದಿಲ್ಲ. ಬುಲೆಟಿನ್ ಮುಗಿಸಿ ಮತ್ತೆ ಫೋನ್ ಮಾಡ್ತೀನಿ.