ಸೂಜಿಯ ಪಾಲೆಷ್ಟು?

ಮಾಗಡಿ, ಕನಕಪುರದ ಕಡೆ ಯಾರಿಗಾದರೂ ಲಕ್ವ ಹೊಡೆದು ಒಂದು ಕೈ, ಒಂದು ಕಾಲು ಬಿದ್ದುಹೋದರೆ, ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಸಲಹೆಗಳು ಶುರು. ಒಬ್ಬರು ನಾಟಿ ಎಣ್ಣೆ ಅಂತಾರೆ, ಇನ್ನೊಬ್ಬರು ಹರಕೆ, ಮತ್ತೊಬ್ಬರು ‘ಸೂಜಿ ಚುಚ್ಚಿಸಿ ನೋಡಿ’ ಅಂತಾರೆ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರಿಗೂ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರಿಗೂ ಕೈಯೇ ಬಂಡವಾಳ. ಯಾರು ಏನು ಹೇಳಿದರೂ ಒಂದು ಕೈ ನೋಡಿಬಿಡೋಣ ಅನ್ನಿಸುವುದು ಸಹಜ. ಎಣ್ಣೆ, ಹರಕೆಗಳ ಮಾತು ಹಾಗಿರಲಿ. ಸೂಜಿಯನ್ನಂತೂ ಲೋಕ ಗಂಭೀರವಾಗಿಯೇ ಒರೆಗೆ ಹಚ್ಚಿದೆ.

ಆಕ್ಯುಪಂಕ್ಚರ್ ಎಂಬ ಈ ಸೂಜಿ ಚಿಕಿತ್ಸೆ ನಮ್ಮ ದೇಶಕ್ಕೆ ಬಂದದ್ದು ಯುದ್ಧದ ನೆಪದಿಂದ. ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ 1938ರಲ್ಲಿ ಹೋದ ಐವರು ಭಾರತೀಯ ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ 1942ರಲ್ಲಿ ಅಲ್ಲೇ ತೀರಿಕೊಂಡರು. ಹಿಂತಿರುಗಿದ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಸೂಜಿವಿದ್ಯೆ ಕಲಿತು, 1959ರಲ್ಲಿ ಕಲ್ಕತ್ತೆಯಲ್ಲಿ ಆರಂಭಿಸಿದರು. ಇಂದು ಕರ್ನಾಟಕದ ಪ್ರಕೃತಿ ಚಿಕಿತ್ಸಾ ಕಾಲೇಜುಗಳಲ್ಲಿ ಅದೂ ಒಂದು ಪಾಠ.

ಲಕ್ವಕ್ಕೆಂದೇ ಹೊಸ ದಾರಿ ತೆರೆದವರು ಶಾಂಕ್ಸಿ ಪ್ರಾಂತದ ವೈದ್ಯ ಜಿಯಾವ್ ಶುನ್‌ಫಾ. ಮಿದುಳಿನ ಯಾವ ಭಾಗ ಕೈಯನ್ನು, ಯಾವುದು ಕಾಲನ್ನು ಆಡಿಸುತ್ತದೆ ಎಂಬ ನಕ್ಷೆಯನ್ನು ಕೆನಡಾದ ನರಶಸ್ತ್ರವೈದ್ಯ ಪೆನ್‌ಫೀಲ್ಡ್ 1937ರಲ್ಲೇ ಪ್ರಕಟಿಸಿದ್ದರು. ಕೆಟ್ಟಿರುವುದು ಮಿದುಳಾದ ಮೇಲೆ ಕೈಕಾಲಿಗೆ ಮಾತ್ರ ಏಕೆ ಚುಚ್ಚಬೇಕು, ಆ ಭಾಗದ ನೇರಕ್ಕೆ ನೆತ್ತಿಯ ಮೇಲೇ ಚುಚ್ಚಿದರೆ? 1970ರ ದಶಕದ ಆರಂಭದಲ್ಲಿ ಅವರು ಹಾಗೇ ಮಾಡಿದರು. ಸೂಜಿಯನ್ನು ತಲೆಯ ಚರ್ಮದಡಿ ಓರೆಯಾಗಿ ತೂರಿಸಿ, ನಿಮಿಷಕ್ಕೆ ಸುಮಾರು 200 ಸಲ ತಿರುಗಿಸುವ ಕ್ರಮ ಅದು. ಜಾಣ ಊಹೆಯೇ. ಆದರೆ ಚರ್ಮಕ್ಕೂ ಮಿದುಳಿಗೂ ನಡುವೆ ಗಟ್ಟಿ ಬುರುಡೆ ಇದೆಯಲ್ಲ! ನಕ್ಷೆ ಸರಿಯಿದ್ದ ಮಾತ್ರಕ್ಕೆ ಸೂಜಿ ಅಲ್ಲಿಗೆ ಮುಟ್ಟಿದಂತಾಗಲಿಲ್ಲ.

ನನಗೆ ಈ ಕತೆಯಲ್ಲಿ ಹೆಚ್ಚು ಹಿಡಿಸಿದವರು ಸ್ವೀಡನ್ನಿನ ಲುಂಡ್ ನಗರದ ನರರೋಗ ತಜ್ಞೆ ಬಾರ್ಬ್ರೋ ಯೋಹಾನ್ಸನ್. 1993ರಲ್ಲಿ ಅವರ ತಂಡ 78 ರೋಗಿಗಳ ಅಧ್ಯಯನ ಪ್ರಕಟಿಸಿತು. ಎಲ್ಲರಿಗೂ ಫಿಸಿಯೋಥೆರಪಿ, ಅರ್ಧದಷ್ಟು ಜನರಿಗೆ ಅದರ ಜೊತೆ ವಾರಕ್ಕೆರಡು ಸಲದಂತೆ ಹತ್ತು ವಾರ ಆಕ್ಯುಪಂಕ್ಚರ್. ಸೂಜಿ ಚುಚ್ಚಿಸಿಕೊಂಡವರು ನಡಿಗೆಯಲ್ಲೂ ದಿನದ ಕೆಲಸಗಳಲ್ಲೂ ಮುಂದಿದ್ದರು. ಇನ್ನೊಬ್ಬರಾಗಿದ್ದರೆ ಆ ಕೀರ್ತಿಯಲ್ಲೇ ಉಳಿದುಬಿಡುತ್ತಿದ್ದರು. ಆದರೆ ಈ ಫಲ ಸೂಜಿಯದೋ, ವಾರಕ್ಕೆರಡು ಸಲ ಪಕ್ಕದಲ್ಲಿ ಕೂತು ಆರೈಕೆ ಮಾಡಿದವರದೋ? ಲಕ್ವ ಹೊಡೆದ ಮೊದಲ ಮೂರು ತಿಂಗಳಲ್ಲಿ ಮಿದುಳು ತಾನಾಗಿಯೂ ಸಾಕಷ್ಟು ಚೇತರಿಸಿಕೊಳ್ಳುತ್ತದೆ. ಆಗ ಏನು ಮಾಡಿದ್ದರೂ ಹೆಸರು ಅದಕ್ಕೇ ಬರುತ್ತದೆ.

ಹಾಗಾಗಿ ಇನ್ನೂ ಕಟ್ಟುನಿಟ್ಟಾದ ಪರೀಕ್ಷೆ ನಡೆಯಿತು. ಈ ಸಲ 150 ರೋಗಿಗಳು, ಮೂರು ಗುಂಪು. ಒಂದಕ್ಕೆ ಆಕ್ಯುಪಂಕ್ಚರ್, ಒಂದಕ್ಕೆ ಸ್ನಾಯು ಅದುರುವಷ್ಟು ವಿದ್ಯುತ್ ಪ್ರಚೋದನೆ, ಮೂರನೆಯದಕ್ಕೆ ಮೈಗೆ ತಿಳಿಯದಷ್ಟು ಸಣ್ಣ ವಿದ್ಯುತ್ತು. ಅಂದರೆ ಆರೈಕೆ ಮೂರೂ ಗುಂಪಿಗೂ ಒಂದೇ. ಫಲಿತಾಂಶ 2001ರಲ್ಲಿ ಬಂತು: ಮೂರು ತಿಂಗಳಿಗೂ ಒಂದು ವರ್ಷಕ್ಕೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ತಮ್ಮದೇ ಹಳೆಯ ಫಲಿತಾಂಶಕ್ಕೆ ಎದುರಾದ ಇದನ್ನು ಯೋಹಾನ್ಸನ್ ಪ್ರಕಟಿಸಿದರು. ಅಸಲಿ ಆವಿಷ್ಕಾರ ಎಂದು ನಾನು ಕರೆಯುವುದು ಇದನ್ನೇ.

2016ರಲ್ಲಿ, ಚಿಕಿತ್ಸೆಗಳ ಪುರಾವೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ 31 ಪ್ರಯೋಗಗಳನ್ನು, 2,257 ರೋಗಿಗಳನ್ನು ಒಟ್ಟಿಗೆ ನೋಡಿತು. ಪ್ರಯೋಜನ ಇರಬಹುದು, ಆದರೆ ಹೆಚ್ಚಿನ ಪ್ರಯೋಗಗಳು ಅಷ್ಟು ಗಟ್ಟಿಯಲ್ಲ. ಎಲ್ಲರಿಗೂ ಮಾಡಿ ಎನ್ನಲು ಪುರಾವೆ ಸಾಲದು ಎಂದಿತು. ಕತೆ ಸದ್ಯಕ್ಕೆ ಅಲ್ಲಿಗೇ ನಿಂತಿದೆ.

ಆದ್ದರಿಂದ ಚುಚ್ಚಿಸಿಕೊಳ್ಳುವ ಮನಸ್ಸಿದ್ದರೆ ಚುಚ್ಚಿಸಿಕೊಳ್ಳಿ. ಒಮ್ಮೆ ಬಳಸಿ ಎಸೆಯುವ ಸೂಜಿಯೇ ಆಗಿರಲಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ. ಬಾಯಿ ಸೊಟ್ಟಗಾಗಿ, ಕೈ ಜೋಲುಬಿದ್ದು, ಮಾತು ತೊದಲಿದ ಗಳಿಗೆಯಲ್ಲಿ ಮಾತ್ರ ಸೂಜಿ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ: ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯಷ್ಟೇ ಗಡುವು. ‘ಫಿಸಿಯೋಥೆರಪಿ ಬಿಟ್ಟುಬಿಡಿ, ನನ್ನ ಸೂಜಿ ಒಂದೇ ಸಾಕು’ ಎನ್ನುವವರ ಬಳಿಗಂತೂ ಹೋಗಲೇಬೇಡಿ.